ಫೋರ್ಕ್‌ಲಿಫ್ಟ್‌ಗೆ ಟ್ರ್ಯಾಕ್ಟರ್ ಇಂಜಿನ್ ಕೂರಿಸಬಹುದೇ?

ಪ್ರಶ್ನೆ: ನಮ್ಮದು ಸಣ್ಣ ಗ್ರಾನೈಟ್ ಪಾಲಿಶ್ ಘಟಕ. ಮೂರು ಟನ್ ಎತ್ತುವ ಹಳೆಯ ಡೀಸೆಲ್ ಫೋರ್ಕ್‌ಲಿಫ್ಟ್ ಇದೆ. ಇಂಜಿನ್ ಮೇಲಿನ ತಗಡಿನಲ್ಲಿ ‘ಸಿಂಪ್ಸನ್ ಎಸ್ 433’ ಎಂದಿದೆ. ಹೋದ ತಿಂಗಳು ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನೇ ಒಡೆದುಕೊಂಡು ಹೊರಬಂತು. ಹೊಸ ಗಾಡಿ ಕೊಳ್ಳುವ ಶಕ್ತಿ ಇಲ್ಲ. ನಮ್ಮೂರಿನ ಮೇಸ್ತ್ರಿ ಗುಜರಿಗೆ ಬಂದ ಮ್ಯಾಸಿ ಟ್ರ್ಯಾಕ್ಟರಿನ ಮೂರು ಸಿಲಿಂಡರ್ ಇಂಜಿನ್ ತೋರಿಸಿ, ‘ಇದೂ ಸಿಂಪ್ಸನ್ನೇ, ಎರಡು ದಿನದಲ್ಲಿ ಕೂರಿಸಿಕೊಡುತ್ತೇನೆ’ ಎನ್ನುತ್ತಿದ್ದಾರೆ. ಒಪ್ಪಲೇ? ಬೇಡವೆಂದರೆ ಬೇರೆ ಇಂಜಿನ್ ಎಲ್ಲಿ ಹುಡುಕಲಿ?
– ಓದುಗರು, ಇಳಕಲ್

ಉತ್ತರ: ಒಪ್ಪಬೇಡಿ. ಮೇಸ್ತ್ರಿಯವರು ಹೇಳಿದ್ದು ಸುಳ್ಳಲ್ಲ, ಎರಡೂ ಚೆನ್ನೈನಲ್ಲಿ ಒಂದೇ ಕಂಪನಿ ಮಾಡಿದ ಇಂಜಿನ್‌ಗಳು. ಆದರೆ ಟ್ರ್ಯಾಕ್ಟರಿನಲ್ಲಿ ಇಂಜಿನ್ ಮಾಡುವ ಕೆಲಸವೇ ಬೇರೆ, ಫೋರ್ಕ್‌ಲಿಫ್ಟ್‌ನಲ್ಲಿ ಮಾಡುವ ಕೆಲಸವೇ ಬೇರೆ. ಪೀಣ್ಯದ ಶೆಡ್ಡೊಂದರಲ್ಲಿ ಮೂವತ್ತು ವರ್ಷ ಇವುಗಳನ್ನು ಬಿಚ್ಚಿ ಜೋಡಿಸಿದವನಾಗಿ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದು ತೂಕ. ಫೋರ್ಕ್‌ಲಿಫ್ಟ್ ಎಂದರೆ ಬಾವಿಯ ಏತವಿದ್ದಂತೆ. ಮುಂದಿನ ಚಕ್ರಗಳೇ ಕಂಬ, ಫೋರ್ಕ್ ಮೇಲಿನ ಕಲ್ಲು ಒಂದು ಕಡೆ, ಹಿಂದಿನ ಎರಕದ ದಿಮ್ಮಿಯೂ ಇಂಜಿನ್ನೂ ಇನ್ನೊಂದು ಕಡೆ. ನಿಮ್ಮ ಅಳತೆಯ ಗಾಡಿಯಲ್ಲಿ ಮುಂದಿನ ಅಚ್ಚಿನಿಂದ ಕಲ್ಲಿನ ಭಾರದ ನಡುಮಧ್ಯಕ್ಕೆ ಸುಮಾರು ಒಂದು ಮೀಟರ್, ಹಿಂದಕ್ಕೆ ಇಂಜಿನ್‌ಗೂ ಹೆಚ್ಚುಕಡಿಮೆ ಅಷ್ಟೇ ದೂರ. ಅಂದರೆ ಇಂಜಿನ್ 80 ಕಿಲೋ ಹಗುರಾದರೆ ನಿಮ್ಮ ಮೂರು ಟನ್ನಿನಿಂದಲೂ ಅಷ್ಟೇ ಕಿಲೋ ಹೋಯಿತು ಎಂದು ತಿಳಿಯಿರಿ. ಮೇಸ್ತ್ರಿ ತೋರಿಸಿದ ಮೂರು ಸಿಲಿಂಡರಿನ ಇಂಜಿನ್ ನಿಮ್ಮ ನಾಲ್ಕು ಸಿಲಿಂಡರಿನದಕ್ಕಿಂತ ಹಗುರ. ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರಗಳಿಂದ. ಭಾರ ಹೊತ್ತಾಗ ಅವು ನೆಲ ಬಿಟ್ಟರೆ ಸ್ಟಿಯರಿಂಗ್ ಕೈಯಲ್ಲಿದ್ದೂ ಇಲ್ಲದಂತೆ. ಎದುರಿಗೆ ಸ್ಲ್ಯಾಬ್ ಹಿಡಿದು ನಿಂತ ಹುಡುಗನನ್ನು ಆಗ ಯಾರೂ ಉಳಿಸಲಾರರು.

ಎರಡನೆಯದು ಗಾಳಿ. ಟ್ರ್ಯಾಕ್ಟರಿನ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಫೋರ್ಕ್‌ಲಿಫ್ಟ್‌ನಲ್ಲಿ ರೇಡಿಯೇಟರ್ ಹಿಂದಿದೆ, ಚಾಲಕ ಇಂಜಿನ್ ಮೇಲೆಯೇ ಕುಳಿತಿರುತ್ತಾನೆ. ಆದ್ದರಿಂದ ಅಲ್ಲಿನ ಫ್ಯಾನ್ ಗಾಳಿಯನ್ನು ಹಿಂದಕ್ಕೆ, ದಿಮ್ಮಿಯಲ್ಲಿ ಬಿಟ್ಟಿರುವ ಕಿಂಡಿಯ ಮೂಲಕ ಹೊರಕ್ಕೆ ತಳ್ಳುತ್ತದೆ. ಒಮ್ಮೆ ಕಾರ್ಖಾನೆಯೊಂದರಲ್ಲಿ ಇಂಜಿನ್ ಬದಲಾಯಿಸಿ, ಅದರ ಜೊತೆ ಬಂದ ಫ್ಯಾನನ್ನೇ ಉಳಿಸಿಕೊಂಡಿದ್ದರು. ನನ್ನನ್ನು ಕರೆಸುವಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ ಎರಡು ಬಾರಿ ಸುಟ್ಟಿತ್ತು. ಫ್ಯಾನ್ ಬದಲಿಸಿದ ದಿನವೇ ಬಿಸಿ ಇಳಿಯಿತು.

ಮೂರನೆಯದು ಚೇಂಬರ್. ಟ್ರ್ಯಾಕ್ಟರಿಗೆ ಬೇರೆ ಚಾಸಿ ಇರುವುದಿಲ್ಲ, ಇಂಜಿನ್ನೇ ಅದರ ಬೆನ್ನೆಲುಬು. ಹಾಗಾಗಿ ಕೆಳಗಿನ ಆಯಿಲ್ ಚೇಂಬರ್ ದಪ್ಪ ಎರಕದ್ದು, ನಿಮ್ಮ ಚೌಕಟ್ಟಿನ ಸಂದಿಯಲ್ಲಿ ಕೂರುವಂಥದ್ದಲ್ಲ. ಕೂರಿಸಲು ಚೌಕಟ್ಟನ್ನು ಗ್ಯಾಸ್ ಕಟ್ಟರಿನಿಂದ ಕೊಯ್ಯುತ್ತಾರೆ. ದಯವಿಟ್ಟು ಅದಕ್ಕೆ ಎಡೆಗೊಡಬೇಡಿ.

ಇನ್ನು ಹುಡುಕುವ ಜಾಗ. ನಿಮಗೆ ಬೇಕಾದದ್ದು ಅದೇ ನಾಲ್ಕು ಸಿಲಿಂಡರಿನ, ಸುಮಾರು 3300 ಸಿಸಿಯ ಇಂಜಿನ್. ಫೋರ್ಕ್‌ಲಿಫ್ಟ್‌ನಿಂದ ಬಿಚ್ಚಿದ್ದೇ ಸಿಕ್ಕರೆ ಒಳ್ಳೆಯದು, ಆದರೆ ಅವು ಸವೆಯುವ ತನಕ ದುಡಿದೇ ಗುಜರಿಗೆ ಬರುತ್ತವೆ. ನಾನು ಮೊದಲು ನೋಡುವುದು ಹಳೆಯ ಜನರೇಟರ್ ಸೆಟ್‌ಗಳನ್ನು. ಕಲ್ಯಾಣ ಮಂಟಪ, ಲಾಡ್ಜ್, ಆಸ್ಪತ್ರೆಗಳಲ್ಲಿ ಕರೆಂಟ್ ಹೋದಾಗ ಮಾತ್ರ ಓಡಿ, ದೊಡ್ಡ ಸೆಟ್ ತಂದಾಗ ಮೂಲೆ ಸೇರಿದವು ಬೇಕಾದಷ್ಟಿವೆ. ಹುಬ್ಬಳ್ಳಿಯಲ್ಲಿ ಹಳೆಯ ಜನರೇಟರ್ ಕೊಳ್ಳುವವರನ್ನು ವಿಚಾರಿಸಿ. ಬೆಂಗಳೂರಿಗೆ ಬಂದರೆ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದವರನ್ನು ಕೇಳಿ. ಹಾಫ್ ಇಂಜಿನ್, ಅಂದರೆ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಜೋಡಿಸಿದ್ದು ಸಿಕ್ಕರೂ ಸಾಕು.

ಅದಕ್ಕಾಗಿಯೇ ಹೇಳುತ್ತಿದ್ದೇನೆ, ಒಡೆದ ಇಂಜಿನ್ ಮಾರಿಬಿಡಬೇಡಿ. ಅದರ ಫ್ಲೈವೀಲ್, ಬೆಲ್ ಹೌಸಿಂಗ್ (ಫ್ಲೈವೀಲ್ ಮುಚ್ಚಿ ಇಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕವಚ), ಚೇಂಬರ್, ಮೌಂಟಿಂಗ್, ಫ್ಯಾನ್, ಹೈಡ್ರಾಲಿಕ್ ಪಂಪಿನ ಜೋಡಣೆ ಎಲ್ಲವೂ ಹೊಸದಕ್ಕೆ ಬೇಕು. ಡೀಸೆಲ್ ಪಂಪನ್ನಂತೂ ಜೋಪಾನ ಮಾಡಿ. ಜನರೇಟರಿನ ಪಂಪ್ ಸಾಮಾನ್ಯವಾಗಿ ನಿಮಿಷಕ್ಕೆ 1500 ಸುತ್ತಿನಲ್ಲೇ ನಿಲ್ಲುವಂತೆ ವೇಗ ಹಿಡಿದಿಡುವ ಗವರ್ನರ್ ಕಟ್ಟಿರುತ್ತಾರೆ. ಅದನ್ನೇ ಉಳಿಸಿಕೊಂಡರೆ ನಿಮ್ಮ ಹೈಡ್ರಾಲಿಕ್ ನಿಧಾನವಾಗುತ್ತದೆ, ಇಳಿಜಾರು ಹತ್ತುವಾಗ ಗಾಡಿ ಏದುಸಿರು ಬಿಡುತ್ತದೆ. ನಿಮ್ಮ ಪಂಪನ್ನು ಪಂಪ್ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ ಅದನ್ನೇ ಹಾಕಿಸಿ.

ಕೊಳ್ಳಲು ಹೋಗುವಾಗ ಬೆಲ್ ಹೌಸಿಂಗ್ ಬೋಲ್ಟುಗಳ ಗುರುತನ್ನು ರಟ್ಟಿನ ಮೇಲೆ ತೆಗೆದುಕೊಂಡು ಹೋಗಿ, ಅಲ್ಲಿನ ಬ್ಲಾಕ್ ಮೇಲೆ ಇಟ್ಟು ನೋಡಿ. ಬಣ್ಣ ಹೊಡೆದ ಇಂಜಿನ್ ಕಂಡು ಮರುಳಾಗಬೇಡಿ. ತಣ್ಣಗಿದ್ದಾಗಲೇ ಚಾಲೂ ಮಾಡಿಸಿ, ಅರ್ಧ ಗಂಟೆ ಓಡಲಿ. ಬ್ರೀದರ್, ಅಂದರೆ ಇಂಜಿನ್ ಒಳಗಿನ ಗಾಳಿ ಹೊರಬರುವ ಕೊಳವೆಯ ಬಾಯಿಗೆ ಅಂಗೈ ಹಿಡಿಯಿರಿ. ಹೊಗೆ ಬುಸುಗುಟ್ಟಿ ಬಂದರೆ ರಿಂಗ್, ಲೈನರ್ ಸವೆದಿವೆ. ಮಾರುವವರು ಒಪ್ಪಿದರೆ ಚೇಂಬರ್ ಇಳಿಸಿ ಒಂದು ಬೇರಿಂಗ್ ಕ್ಯಾಪ್ ಬಿಚ್ಚಿಸಿ ನೋಡಿ. ಒಪ್ಪದವರ ಹತ್ತಿರ ನಾನಾದರೆ ಕೊಳ್ಳುವುದಿಲ್ಲ.

ಹಣ ಕೊಡುವ ಮುನ್ನ ಗಾಡಿಯ ಉಳಿದ ಭಾಗ ಅಷ್ಟು ಖರ್ಚಿಗೆ ಯೋಗ್ಯವೇ ನೋಡಿಕೊಳ್ಳಿ. ಮಾಸ್ಟ್, ಅಂದರೆ ಫೋರ್ಕ್ ಮೇಲೇರಿ ಇಳಿಯುವ ಕಂಬದ ಚೈನಿನಲ್ಲಿ ಹೊಸದಿದ್ದಾಗ 300 ಮಿಲಿಮೀಟರ್ ಬರುತ್ತಿದ್ದ ಕೊಂಡಿಗಳು ಈಗ 309 ಬಂದರೆ, ಅಂದರೆ ಶೇ 3ರಷ್ಟು ಹಿಗ್ಗಿದ್ದರೆ ಚೈನ್ ತೆಗೆಯಬೇಕು. ಫೋರ್ಕ್ ಬಾಗುವ ಮೂಲೆಯಲ್ಲಿ ದಪ್ಪ ಶೇ 10ರಷ್ಟು ಸವೆದಿದ್ದರೆ ಅದೂ ಹೋಯಿತು. ಇವೆರಡರ ಜೊತೆ ಮಾಸ್ಟ್ ಹಳಿಯೂ ಸಡಿಲವಾಗಿದ್ದರೆ ಆ ಗಾಡಿಗೆ ಇಂಜಿನ್ ಹಾಕಿಸಬೇಡಿ.

ನೀವು ಕೇಳದ ಒಂದು ಮಾತು: ಆ ರಾಡ್ ಏಕೆ ಮುರಿಯಿತು? ಬೇರಿಂಗ್ ಚೂರುಗಳನ್ನು ಹುಡುಕಿ ನೋಡಿ. ಸುಟ್ಟು ಕಪ್ಪು–ನೀಲಿಯಾಗಿದ್ದರೆ ಆಯಿಲ್ ಸಿಕ್ಕಿಲ್ಲ. ಗ್ರಾನೈಟ್ ಪುಡಿಯಲ್ಲಿರುವ ಬೆಣಚು ಎರಕದ ಕಬ್ಬಿಣಕ್ಕಿಂತ ಗಟ್ಟಿ. ಏರ್ ಕ್ಲೀನರ್ ದಾಟಿ ಅದು ಒಳಗೆ ಬಂದರೆ ಲೈನರನ್ನು ಅರೆಯುತ್ತದೆ, ಆಯಿಲ್ ಉರಿದು ಕಡಿಮೆಯಾಗುತ್ತದೆ, ಬೇರಿಂಗ್ ಒಣಗುತ್ತದೆ. ಏರ್ ಕ್ಲೀನರಿನಿಂದ ಇಂಜಿನ್‌ಗೆ ಹೋಗುವ ರಬ್ಬರ್ ಪೈಪಿನೊಳಗೆ ಬಿಳಿ ಬಟ್ಟೆ ತುರುಕಿ ಒರೆಸಿ. ಬೂದುಬಣ್ಣ ಹತ್ತಿದರೆ ಪೈಪು, ಕ್ಲಿಪ್ಪು, ಫಿಲ್ಟರ್ ಮೂರನ್ನೂ ಬದಲಿಸಿ. ಆಯಿಲ್ ಕೂಲರಿನಲ್ಲೂ ಅದರ ಪೈಪಿನಲ್ಲೂ ಹಳೆಯ ಲೋಹದ ಚೂರು ಉಳಿದಿರುತ್ತದೆ. ಡೀಸೆಲ್ ಹಾಯಿಸಿ ತೊಳೆಯದೆ ಬೇರೆ ಇಂಜಿನ್‌ಗೆ ಜೋಡಿಸಬೇಡಿ.

ಕೂರಿಸಿದ ಮೇಲೆ ಮೊದಲ 50 ಗಂಟೆಗೆ ಆಯಿಲ್, ಫಿಲ್ಟರ್ ಬದಲಿಸಿ. ಸ್ಲ್ಯಾಬ್ ಎತ್ತುವ ಮೊದಲು, ಪರವಾನಗಿ ಇರುವ ಪರೀಕ್ಷಕರಿಂದ ಭಾರದ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆಯಿರಿ. ಆ ದಿನ ಗಾಡಿಯ ಸುತ್ತ ಯಾರೂ ನಿಲ್ಲದಂತೆ ನೀವೇ ಎದುರಿಗಿದ್ದು ನೋಡಿಕೊಳ್ಳಿ.