ಕಿಟ್ ಗಿಟಾರ್ ತರಿಸಿದ್ದೇನೆ, ಮೊದಲು ಬಣ್ಣ ಮುಗಿಸಿ ಆಮೇಲೆ ಜೋಡಿಸಿದರೆ ಆಗುತ್ತದೆಯೇ?

ನೀವು ಕೇಳಿದ್ದು ಇಷ್ಟು: ಟೆಲಿಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರಿನ ಕಿಟ್, ಅಂದರೆ ನಾವೇ ಜೋಡಿಸಬೇಕಾದ ಬಿಡಿಭಾಗಗಳು, ಕೈಗೆ ಬಂದಿದೆ. ಬಾಡಿ ಆಶ್ ಮರದ್ದು, ನೆಕ್ (ಗಿಟಾರಿನ ಕತ್ತು) ಮೇಪಲ್, ಫ್ರೆಟ್‌ಬೋರ್ಡ್ (ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳಿರುವ, ಬೆರಳೊತ್ತುವ ಹಲಗೆ) ರೋಸ್‌ವುಡ್. ಮರದ ಎಳೆ ಎದ್ದು ಕಾಣುವ ಹಾಗೆ ಕಡುನೀಲಿ ಬಣ್ಣ ಬೇಕು. ಸ್ಪ್ರೇ ಗನ್ ಇಲ್ಲ, ಮರಗೆಲಸ ಮಾಡಿ ಗೊತ್ತಿಲ್ಲ. ಬಣ್ಣ, ಪಾಲಿಷ್ ಎಲ್ಲ ಮುಗಿಸಿಕೊಂಡು ಕೊನೆಗೆ ಒಮ್ಮೆಲೇ ಜೋಡಿಸಿದರೆ ಸಾಕೇ ಅಂತ.

ಸ್ಪ್ರೇ ಗನ್ ಇಲ್ಲದೆ ಧಾರಾಳವಾಗಿ ಆಗುತ್ತದೆ. ಆದರೆ ಆ ಕ್ರಮದಲ್ಲಿ ಬೇಡ. ಗಿಟಾರನ್ನು ಎರಡು ಸಲ ಜೋಡಿಸಿ. ಮೊದಲ ಸಲ ಬರೀ ಮರದಲ್ಲೇ, ತಂತಿ ಬಿಗಿದು, ಶ್ರುತಿ ಮಾಡಿ, ನಾಲ್ಕು ಕಾರ್ಡ್ ಹಿಡಿದು ನೋಡುವ ಮಟ್ಟಕ್ಕೆ. ಎಲ್ಲ ಸರಿಯಿದೆ ಅನ್ನಿಸಿದ ಮೇಲೆ ಬಿಚ್ಚಿ ಬಣ್ಣಕ್ಕೆ ಕೈಹಾಕಿ. 1950ರ ಸುಮಾರಿಗೆ ಲಿಯೋ ಫೆಂಡರ್ ಈ ಮಾದರಿಯನ್ನು ಮಾರುಕಟ್ಟೆಗೆ ತಂದಾಗ ನೆಕ್ಕನ್ನು ಅಂಟಿಸದೆ ನಾಲ್ಕು ಸ್ಕ್ರೂಗಳಲ್ಲಿ ಕೂರಿಸಿದ್ದರಿಂದ ನಮಗೆ ಈ ಅನುಕೂಲ ಸಿಕ್ಕಿದೆ. ಅದನ್ನು ಪೂರ್ತಿ ಬಳಸಿಕೊಳ್ಳಿ. ಇನ್ನೊಂದು ವ್ಯಾವಹಾರಿಕ ಕಾರಣವೂ ಇದೆ: ತಪ್ಪಾಗಿ ಕೊರೆದ ರಂಧ್ರವೋ ತಿರುಚಿದ ನೆಕ್ಕೋ ಈಗ ಕಂಡರೆ ಬದಲಿ ಕೇಳಬಹುದು. ಬಣ್ಣ ಬಿದ್ದ ಮರವನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಮೊದಲ ಜೋಡಣೆಯಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಜ್ಯಾಮಿತಿ. ಈ ಮಾದರಿಯ ಸ್ಕೇಲ್ ಉದ್ದ (ಮೀಟುವ ತಂತಿಯ ಉದ್ದ) ಸಾಮಾನ್ಯವಾಗಿ 25.5 ಇಂಚು, ಅಂದರೆ 648 ಮಿ.ಮೀ. ನಟ್‌ನ (ನೆಕ್ಕಿನ ತಲೆಯ ಬಳಿ ತಂತಿಗಳು ಕೂರುವ ಸಣ್ಣ ಪಟ್ಟಿ) ಅಂಚಿನಿಂದ 12ನೇ ಫ್ರೆಟ್‌ಗೆ 324 ಮಿ.ಮೀ. ಇರಬೇಕು, ಅಲ್ಲಿಂದ ಸಣ್ಣ ತಂತಿಯ ಸ್ಯಾಡಲ್‌ಗೆ (ಬಾಡಿಯ ಕಡೆ ತಂತಿ ಒರಗುವ ತುಂಡು) ಇನ್ನೊಂದು 324ಕ್ಕಿಂತ ಕೂದಲೆಳೆ ಹೆಚ್ಚು. ದಪ್ಪ ತಂತಿಯ ಸ್ಯಾಡಲ್ ಅದಕ್ಕಿಂತ ಎರಡು ಮೂರು ಮಿ.ಮೀ. ಹಿಂದಕ್ಕೆ ಹೋಗುತ್ತದೆ. ಸ್ಯಾಡಲ್‌ಗಳು ತಮ್ಮ ಓಡಾಟದ ಮಿತಿಯೊಳಗೇ ಈ ಜಾಗಗಳಿಗೆ ಬರುತ್ತವೆಯೇ ನೋಡಿ. ಬರದಿದ್ದರೆ ಮೊದಲು ಅನುಮಾನಿಸಬೇಕಾದ್ದು ನೆಕ್ ಪಾಕೆಟ್ ಅನ್ನು, ಅಂದರೆ ಬಾಡಿಯಲ್ಲಿ ನೆಕ್ ಕೂರುವ ಗುಳಿಯನ್ನು. ಅದರ ಮೂಲೆಯಲ್ಲಿ ಒಂದಿಷ್ಟು ಮರದ ಜುಂಗು ಉಳಿದಿದ್ದರೂ ನೆಕ್ ಪೂರ್ತಿ ಒಳಗೆ ಕೂರುವುದಿಲ್ಲ.

ಆಮೇಲೆ ಎರಡು ಹೊರಗಿನ ತಂತಿಗಳನ್ನು ಮಾತ್ರ ಹಾಕಿ ಬಿಗಿದು, ಕೊನೆಯ ಫ್ರೆಟ್ ಹತ್ತಿರ ಫ್ರೆಟ್‌ಬೋರ್ಡಿನ ಎರಡೂ ಅಂಚಿಗೆ ಸಮ ಅಂತರ ಇದೆಯೇ ನೋಡಿ. ಒಂದು ಕಡೆ ಜಾರಿದ್ದರೆ ನೆಕ್ಕಿನ ಸ್ಕ್ರೂಗಳನ್ನು ಸ್ವಲ್ಪ ಸಡಿಲಿಸಿ, ನೆಕ್ಕನ್ನು ಬೇಕಾದ ಕಡೆಗೆ ಒತ್ತಿ ಹಿಡಿದು ಮತ್ತೆ ಬಿಗಿಯಿರಿ. ಕಿಟ್‌ಗಳ ಪಾಕೆಟ್‌ನಲ್ಲಿ ಇಷ್ಟು ಸಡಿಲ ಸಾಮಾನ್ಯವಾಗಿ ಇರುತ್ತದೆ. ಹಿಂಬದಿಯ ಫೆರೂಲ್‌ಗಳನ್ನು (ತಂತಿಯ ತುದಿ ಹಿಡಿಯುವ ಲೋಹದ ಬಿಲ್ಲೆಗಳು) ಈಗಲೇ ಬಡಿದು ಕೂರಿಸಬೇಡಿ, ಕೈಯಲ್ಲಿ ಒತ್ತಿದಷ್ಟು ಸಾಕು.

ಸ್ಕ್ರೂ ವಿಷಯದಲ್ಲಿ ಒಂದು ಮಾತು. ತಂತಿ ಬಿಗಿಯುವ ಟ್ಯೂನರ್‌ಗಳ ಸಣ್ಣ ಸ್ಕ್ರೂಗಳು ಮೇಪಲ್‌ನಂಥ ಗಟ್ಟಿ ಮರದಲ್ಲಿ ಪಟ್ಟನೆ ಮುರಿಯುತ್ತವೆ. ಮುರಿದ ತುಂಡನ್ನು ಹೊರತೆಗೆಯುವುದು ಇಡೀ ಗಿಟಾರ್ ಕಟ್ಟುವುದಕ್ಕಿಂತ ಕಷ್ಟ. ಸ್ಕ್ರೂವಿನ ಒಳದಿಂಡಿನಷ್ಟು ದಪ್ಪದ ಬಿಟ್‌ನಿಂದ ಮೊದಲು ರಂಧ್ರ ಕೊರೆಯಿರಿ, ಎಷ್ಟು ಆಳ ಎಂದು ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ, ಸ್ಕ್ರೂವನ್ನು ಮೇಣದ ಬತ್ತಿಗೆ ಉಜ್ಜಿ ತಿರುಗಿಸಿ. ಹೆಡ್‌ಸ್ಟಾಕ್ (ಟ್ಯೂನರ್‌ಗಳು ಕೂರುವ ನೆಕ್ಕಿನ ತಲೆ) ಬರೀ ಹಲಗೆಯಾಗಿ ಬಂದಿದ್ದರೆ ಆಕಾರ ಕೊಯ್ಯುವುದೂ ಈ ಹಂತದಲ್ಲೇ. ಕಾಗದದಲ್ಲಿ ನಮೂನೆ ಕತ್ತರಿಸಿ, ಟ್ಯೂನರ್‌ಗಳನ್ನು ಇಟ್ಟು ನೋಡಿ, ಗೆರೆಯ ಹೊರಗೇ ಗರಗಸ ಓಡಿಸಿ, ಉಳಿದದ್ದನ್ನು ಅರದಿಂದ ತಂದುಕೊಳ್ಳಿ.

ಈಗ ಫ್ರೆಟ್. ಕಿಟ್ ಗಿಟಾರ್ ನುಡಿಸಲು ಹಿತವಾಗಿದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಬಣ್ಣ ಅಲ್ಲ, ತಂತಿಯ ಕಂಪನವನ್ನು ಆಂಪ್‌ಗೆ ಕಳಿಸುವ ಪಿಕಪ್ ಕೂಡ ಅಲ್ಲ. ಫ್ರೆಟ್ ಮತ್ತು ನಟ್. ತಂತಿ ತೆಗೆದು, ಟ್ರಸ್ ರಾಡ್ ಅನ್ನು (ನೆಕ್ಕಿನ ಬಾಗು ಸರಿಪಡಿಸಲು ಅದರೊಳಗಿರುವ ಸರಳು) ಕಾಲು ಸುತ್ತಿನಷ್ಟೇ ತಿರುಗಿಸುತ್ತ ನೆಕ್ಕನ್ನು ನೇರ ಮಾಡಿಕೊಳ್ಳಿ. ಮೂರು ಫ್ರೆಟ್‌ಗಳ ಮೇಲೆ ಕೂರುವಷ್ಟು ಉದ್ದದ ನೇರ ಅಂಚಿನ ಲೋಹದ ಪಟ್ಟಿಯನ್ನು ಇಟ್ಟು ನೋಡಿ. ಅದು ಅಲುಗಾಡಿದರೆ ನಡುವಿನ ಫ್ರೆಟ್ ಎತ್ತರ ಇದೆ ಎಂದರ್ಥ. ತಕ್ಷಣ ಅರಕ್ಕೆ ಕೈಹಾಕಬೇಡಿ, ಎಷ್ಟೋ ಸಲ ಆ ಫ್ರೆಟ್ ಪೂರ್ತಿ ಒಳಗೆ ಕೂತಿರುವುದಿಲ್ಲ ಅಷ್ಟೆ. ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ಮತ್ತೆ ನೋಡಿ. ಆದರೂ ಎತ್ತರ ಉಳಿದರೆ ಫ್ರೆಟ್‌ಬೋರ್ಡಿಗೆ ಟೇಪ್ ಹಚ್ಚಿ, ಫ್ರೆಟ್ ನೆತ್ತಿಗೆ ಮಾರ್ಕರ್ ಬಳಿದು, ಸಪಾಟಾದ ಪಟ್ಟಿಗೆ ಅಂಟಿಸಿದ 320ರ ಉಪ್ಪುಕಾಗದದಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಉಜ್ಜಿ. ಮಸಿ ಎಲ್ಲ ಫ್ರೆಟ್‌ಗಳ ಮೇಲೂ ಒಂದೇ ಸಮ ಮಾಸಿದಾಗ ನಿಲ್ಲಿಸಿ. ಚಪ್ಪಟೆಯಾದ ನೆತ್ತಿಯನ್ನು ಕ್ರೌನಿಂಗ್ ಅರದಿಂದ ಮತ್ತೆ ದುಂಡಗೆ ಮಾಡಿ, 600ರಿಂದ 2000ದವರೆಗೆ ಒಂದೊಂದೇ ಕಾಗದ ಹಾಕಿ ಹೊಳಪು ಕೊಡಿ. ಅಂಗೈಯನ್ನು ನೆಕ್ಕಿನ ಅಂಚಿನುದ್ದಕ್ಕೂ ಓಡಿಸಿ: ಚುಚ್ಚಿದ ಪ್ರತಿ ಫ್ರೆಟ್ ತುದಿಯನ್ನೂ ಸಣ್ಣ ಅರದಿಂದ ದುಂಡು ಮಾಡಬೇಕು. ಬೇಸರದ ಕೆಲಸ ನಿಜ, ಆದರೆ ಮುಂದೆ ಆ ಗಿಟಾರ್ ಹಿಡಿದಾಗಲೆಲ್ಲ ಕೈಗೆ ಗೊತ್ತಾಗುವುದು ಇದೇ.

ನಟ್‌ಗೆ ಪರೀಕ್ಷೆ ಸರಳ. ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ, ಮೊದಲ ಫ್ರೆಟ್ ಮೇಲೆ ಎಷ್ಟು ಸಂದು ಉಳಿಯುತ್ತದೆ ನೋಡಿ. ಒಂದು ತೆಳು ಕಾಗದ ತೂರುವಷ್ಟಿದ್ದರೆ ಸರಿ. ಕಿಟ್‌ಗಳಲ್ಲಿ ಬಹುಮಟ್ಟಿಗೆ ಇದಕ್ಕಿಂತ ಬಹಳ ಎತ್ತರ ಇರುತ್ತದೆ. ಎಫ್ ಕಾರ್ಡ್ ಹಿಡಿಯಲು ಬೆರಳು ನೋಯುವುದು, ಹಿಡಿದರೂ ಶ್ರುತಿ ಮೇಲೇರಿ ಕೇಳುವುದು ಅದಕ್ಕೇ. ತಂತಿಯ ದಪ್ಪಕ್ಕೆ ತಕ್ಕ ನಟ್ ಅರದಿಂದ, ತಲೆಯ ಕಡೆಗೆ ಕೊಂಚ ಇಳಿಜಾರಾಗಿ, ಎರಡೆರಡು ಸಲ ಉಜ್ಜಿ ಮತ್ತೆ ತಂತಿ ಹಾಕಿ ನೋಡುತ್ತ ಹೋಗಿ.

ಇಷ್ಟಾದ ಮೇಲೆ ಎಲ್ಲ ಬಿಚ್ಚಿ, ಯಾವ ಸ್ಕ್ರೂ ಎಲ್ಲಿಯದೆಂದು ಬರೆದ ಪೊಟ್ಟಣಗಳಲ್ಲಿ ಇಟ್ಟುಕೊಳ್ಳಿ. ಈಗ ಬಣ್ಣ.

ಆಶ್ ಮರ ಸಿಕ್ಕಿದ್ದು ನಿಮ್ಮ ಅದೃಷ್ಟ. ಬಾಸ್‌ವುಡ್ ಆಗಿದ್ದರೆ ಬಣ್ಣ ತೇಪೆತೇಪೆಯಾಗಿ ಹೀರಿಕೊಳ್ಳುತ್ತಿತ್ತು, ಎಳೆಯೂ ಹೆಚ್ಚೇನೂ ಕಾಣುತ್ತಿರಲಿಲ್ಲ. ಆಶ್‌ನ ರಂಧ್ರಗಳು ತೆರೆದಿರುತ್ತವೆ, ಗಟ್ಟಿ ಮತ್ತು ಮೆದು ಪಟ್ಟೆಗಳು ಸ್ಪಷ್ಟವಾಗಿ ಬೇರೆಯಾಗಿರುತ್ತವೆ. 150, 180, 240ರ ಕಾಗದಗಳಲ್ಲಿ ಎಳೆಯ ದಿಕ್ಕಿಗೇ ಉಜ್ಜಿ. ಬಾಡಿಯ ಎರಡು ತುದಿಗಳಲ್ಲಿ ಎಳೆ ಕಡಿದು ನಿಂತ ಜಾಗ ಬಣ್ಣವನ್ನು ಜಾಸ್ತಿ ಕುಡಿದು ಕಪ್ಪಾಗುತ್ತದೆ, ಅಲ್ಲಿ 320ರವರೆಗೂ ಹೋಗಿ. ಮುಗಿಯಿತು ಅನ್ನಿಸಿದಾಗ ಬಟ್ಟೆಯಲ್ಲಿ ಸ್ಪಿರಿಟ್ ಅದ್ದಿ ಇಡೀ ಬಾಡಿ ಒರೆಸಿ, ದೀಪವನ್ನು ಪಕ್ಕದಿಂದ ಹಿಡಿದು ನೋಡಿ. ಮೆತ್ತಿದ ಅಂಟಿನ ಕಲೆ, ಅಡ್ಡ ಗೀರು, ಎಲ್ಲ ಆ ಕ್ಷಣಕ್ಕೆ ಬಯಲಾಗುತ್ತವೆ. ಅಂಟಿದ್ದಲ್ಲಿ ಬಣ್ಣ ಹಿಡಿಯುವುದೇ ಇಲ್ಲ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಎದ್ದ ನಾರನ್ನು 320ರಲ್ಲಿ ಹಗುರಾಗಿ ಸವರಿ ತೆಗೆಯಿರಿ. ಇದನ್ನು ಬಿಟ್ಟರೆ ನೀರಿನ ಬಣ್ಣ ಹಚ್ಚಿದಾಗ ಮೈ ಮತ್ತೆ ಒರಟಾಗುತ್ತದೆ.

ಎಳೆ ಎದ್ದು ಕಾಣಬೇಕಾದರೆ ನೇರವಾಗಿ ನೀಲಿ ಹಚ್ಚಬೇಡಿ. ಮೊದಲು ಕಪ್ಪು. ನೀರಿನಲ್ಲಿ ಕರಗುವ ಕಪ್ಪು ಡೈಯನ್ನು ಬಟ್ಟೆಯಿಂದ ಧಾರಾಳವಾಗಿ ಹಚ್ಚಿ, ಒಂದು ರಾತ್ರಿ ಒಣಗಲು ಬಿಟ್ಟು, 240ರ ಕಾಗದ ಸುತ್ತಿದ ಮರದ ತುಂಡಿನಿಂದ ಉಜ್ಜಿ ತೆಗೆಯಿರಿ. ಶುರುವಿನಲ್ಲಿ ಎದೆ ಧಸಕ್ಕೆನ್ನುತ್ತದೆ, ಕೊಳಕು ಬೂದು ಬಣ್ಣ ಬಿಟ್ಟರೆ ಏನೂ ಕಾಣುವುದಿಲ್ಲ. ಉಜ್ಜುತ್ತಾ ಹೋದಂತೆ ಗಟ್ಟಿ ಪಟ್ಟೆಗಳು ಬಿಳಿಚಿಕೊಂಡು ಮೇಲೇಳುತ್ತವೆ, ರಂಧ್ರಗಳಿರುವ ಪಟ್ಟೆಗಳಲ್ಲಿ ಮಾತ್ರ ಕಪ್ಪು ಉಳಿಯುತ್ತದೆ, ಮರದ ವರ್ಷವರ್ಷದ ಬೆಳವಣಿಗೆ ಗೆರೆಗೆರೆಯಾಗಿ ಕಣ್ಣೆದುರೇ ಬಿಡಿಸಿಕೊಳ್ಳುತ್ತದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಳಿಗೆ ಇದು. ಅದರ ಮೇಲೆ ನೀಲಿ ಹಚ್ಚಿದಾಗ ಬರುವ ಆಳ ಒಂದೇ ಬಣ್ಣದಿಂದ ಬರುವುದಿಲ್ಲ. ಪಿಕ್‌ಗಾರ್ಡ್ (ಬಾಡಿಯ ಮುಂಭಾಗಕ್ಕೆ ಕೂರಿಸುವ ತೆಳು ಹಾಳೆ) ಅಡಿಯಲ್ಲಿ ಮುಚ್ಚಿಹೋಗುವ ಜಾಗ ಇದೆಯಲ್ಲ, ಕಪ್ಪು, ನೀಲಿ, ಮೇಲಿನ ಕ್ಲಿಯರ್ (ಬಣ್ಣ ಕಾಯುವ ಪಾರದರ್ಶಕ ಪದರ) ಮೂರನ್ನೂ ಮೊದಲು ಅಲ್ಲಿ ಹಚ್ಚಿ ನೋಡಿ.

ನೀಲಿಗೆ ಒಂದು ಶತ್ರು ಇದೆ: ಹಳದಿ. ಲಿನ್‌ಸೀಡ್ ಎಣ್ಣೆ, ಟಂಗ್ ಎಣ್ಣೆ, ಎಣ್ಣೆ ಆಧಾರಿತ ಪಾಲಿಯುರೇಥೇನ್ ಎಲ್ಲಕ್ಕೂ ಜೇನಿನ ಛಾಯೆ ಇರುತ್ತದೆ, ವರ್ಷ ಕಳೆದಂತೆ ಅದು ಗಾಢವಾಗುತ್ತದೆ. ನೀಲಿಯ ಮೇಲೆ ಹಳದಿ ಬಿದ್ದರೆ ಹಸಿರು. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಕೂಡ ಕಾಲಕ್ರಮೇಣ ಹಳದಿಗೆ ತಿರುಗುತ್ತದೆ. ಹಾಗಾಗಿ ನಿಮ್ಮ ಬಣ್ಣಕ್ಕೆ ನೀರಿನ ಆಧಾರದ ಕ್ಲಿಯರ್ ಪಾಲಿಯುರೇಥೇನ್ ಒಳ್ಳೆಯದು, ಅದನ್ನು ಬಟ್ಟೆ ಅಥವಾ ಫೋಮ್ ಬ್ರಶ್‌ನಲ್ಲೇ ಹಚ್ಚಬಹುದು. ಆದರೆ ನೀರಿನ ಡೈ ಮೇಲೆ ನೇರವಾಗಿ ಹಚ್ಚಿದರೆ ಬಣ್ಣ ಕರಗಿ ಬಟ್ಟೆಗೆ ಬರುತ್ತದೆ. ನಡುವೆ ಮೇಣ ತೆಗೆದ, ತಿಳಿಬಣ್ಣದ ಶೆಲ್ಯಾಕನ್ನು (ಅರಗಿನ ಮೆರುಗು) ತೆಳುವಾಗಿ ಒಂದೆರಡು ಪದರ ಕೊಟ್ಟರೆ ಬಣ್ಣ ಅಲ್ಲೇ ನಿಲ್ಲುತ್ತದೆ.

ಎರಡು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಂದೆ ಯಾವಾಗಲಾದರೂ ಲಿನ್‌ಸೀಡ್ ಅಥವಾ ಟಂಗ್ ಎಣ್ಣೆ ಬಳಸಿದರೆ, ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಬಿಡಿಸಿ ಹರವಿ ಒಣಗಿಸಿ. ಹಾಗೇ, ಗಟ್ಟಿ ಹೊಳಪಿನ ಆಸೆಗೆ ಎರಡು ಘಟಕಗಳನ್ನು ಬೆರೆಸಿ ಹೊಡೆಯುವ 2ಕೆ ಕ್ಲಿಯರ್‌ಗೆ ಹೋಗಬೇಡಿ. ಅದರ ಐಸೋಸಯನೇಟ್ ಉಸಿರಾಟಕ್ಕೆ ತೀರಾ ಅಪಾಯಕಾರಿ, ಸರಿಯಾದ ಉಸಿರಾಟದ ರಕ್ಷಣೆ ಮತ್ತು ಗಾಳಿಯ ವ್ಯವಸ್ಥೆ ಇಲ್ಲದೆ ಮನೆಯಲ್ಲಿ ಮಾಡುವ ಕೆಲಸ ಅದಲ್ಲ.

ಕ್ಲಿಯರ್ ಹಚ್ಚುವ ಮುಂಚೆ ನೆಕ್ ಪಾಕೆಟ್ ಅನ್ನು ಟೇಪ್‌ನಿಂದ ಪೂರ್ತಿ ಮುಚ್ಚಿ. ಅಲ್ಲಿ ಪದರ ಕಟ್ಟಿದರೆ ನೀವು ಮಾಡಿದ ಎಲ್ಲ ಅಳತೆ ಕೆಡುತ್ತದೆ, ನೆಕ್ ತುರುಕುವಾಗ ಅಂಚಿನ ಬಣ್ಣವೂ ಸಿಡಿಯುತ್ತದೆ. ಪದರಗಳು ತೆಳುವಾಗಿರಲಿ, ಆರೇಳು ಆದರೂ ಪರವಾಗಿಲ್ಲ. ಮಧ್ಯೆ ಮಧ್ಯೆ 400ರಲ್ಲಿ ಧೂಳಿನ ಕಣ ತೆಗೆಯುವಷ್ಟೇ ಸವರಿ. ಅಂಚುಗಳನ್ನು ಮೊದಲ ಕೆಲವು ಪದರಗಳಲ್ಲಿ ಮುಟ್ಟಲೇಬೇಡಿ. ಉಜ್ಜುವ ಕೈ ತಿಳಿಯದೆಯೇ ಅಂಚಿಗೆ ಹೆಚ್ಚು ಭಾರ ಹಾಕುತ್ತದೆ, ಬಣ್ಣ ಸವೆದು ಬಿಳಿ ಮರ ಕಾಣುವುದು ಅಲ್ಲೇ.

ಕನ್ನಡಿಯಂಥ ಹೊಳಪು ಬೇಕೋ ಬೇಡವೋ ಎಂಬುದನ್ನು ಈಗಲೇ ನಿರ್ಧರಿಸಿ. ಬೇಕಾದರೆ ಶೆಲ್ಯಾಕ್ ಆದ ಮೇಲೆ ಗ್ರೇನ್ ಫಿಲ್ಲರ್‌ನಿಂದ ರಂಧ್ರಗಳನ್ನು ತುಂಬಬೇಕು, ಕ್ಲಿಯರ್ ಪೂರ್ತಿ ಗಟ್ಟಿಯಾಗಲು ಕೆಲವು ವಾರ ಕಾಯಬೇಕು, ಆಮೇಲೆ 1000ದಿಂದ 2000ದವರೆಗೆ ನೀರು ಹಾಕಿ ಉಜ್ಜಿ ಕಾಂಪೌಂಡ್‌ನಿಂದ ಪಾಲಿಷ್ ಮಾಡಬೇಕು. ಮುಟ್ಟಿದರೆ ಅಂಟುವುದಿಲ್ಲ ಅಂದ ಮಾತ್ರಕ್ಕೆ ಗಟ್ಟಿಯಾಗಿದೆ ಎಂದಲ್ಲ. ಉಗುರು ಒತ್ತಿದರೆ ಗುರುತು ಬೀಳುವ ಪದರವನ್ನು ಪಾಲಿಷ್ ಮಾಡಿದರೆ ಅದು ಮತ್ತೆ ಕುಗ್ಗಿ ಎಳೆಯ ಗುಂಡಿಗಳನ್ನು ತೋರಿಸುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಆಶ್‌ನಲ್ಲಿ ರಂಧ್ರ ತುಂಬದೆ ಮಂದ ಹೊಳಪಿನ ಸ್ಯಾಟಿನ್ ಕ್ಲಿಯರ್ ಹಚ್ಚಿ ಬಿಟ್ಟುಬಿಡಿ. ಬೆರಳಿಗೆ ಎಳೆ ತಾಗುತ್ತದೆ, ಮರ ಮರದಂತೆಯೇ ಇರುತ್ತದೆ. ಆ ದಾರಿ ಹಿಡಿದರೆ ಕೊನೆಗೆ ನೀರು ಉಜ್ಜುವುದು, ಕಾಂಪೌಂಡ್ ಎರಡೂ ಬೇಡ, ಮಾಡಿದರೆ ಬಿಳಿ ಹುಡಿ ರಂಧ್ರಗಳಲ್ಲಿ ಕೂತು ನೀಲಿಯ ಮೇಲೆ ಸುಣ್ಣದ ಚುಕ್ಕಿಗಳ ಹಾಗೆ ಉಳಿಯುತ್ತದೆ. ನೆಕ್ಕಿನ ಹಿಂಬದಿಗೂ ಅದೇ ಸ್ಯಾಟಿನ್ ಸಾಕು. ರೋಸ್‌ವುಡ್‌ಗೆ ಮಾತ್ರ ಕ್ಲಿಯರ್ ಹಚ್ಚಬೇಡಿ.

ಎರಡನೇ ಜೋಡಣೆ ಸಲೀಸು, ಏಕೆಂದರೆ ಪ್ರತಿ ರಂಧ್ರವೂ ಆಗಲೇ ಸಿದ್ಧ. ಫೆರೂಲ್ ರಂಧ್ರಗಳಲ್ಲಿ ಕಟ್ಟಿದ ಪದರವನ್ನು ಸುರುಳಿ ಸುತ್ತಿದ ಉಪ್ಪುಕಾಗದದಿಂದ ತೆಗೆದು, ಬಡಿಯದೆ ಒತ್ತಿ ಕೂರಿಸಿ. ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕಿಟ್‌ನ ನಕ್ಷೆ ಹಿಡಿದು ಹೋದರೆ ಸಾಕು. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗೆ 250ಕೆ ಪಾಟ್ (ವಾಲ್ಯೂಮ್, ಟೋನ್ ಗುಂಡಿಯ ಅಡಿಯ ಭಾಗ) ಇರಬೇಕು, ಪಾಟ್‌ನ ಬೆನ್ನಿಗೆ ಬೆಸುಗೆ ಹಾಕಲು 40 ವ್ಯಾಟ್‌ಗಿಂತ ಕಮ್ಮಿಯ ಐರನ್ ಬಿಸಿ ಸಾಲದು. ಒಂದನ್ನು ಮಾತ್ರ ಮರೆಯಬೇಡಿ: ಬ್ರಿಡ್ಜ್ (ಸ್ಯಾಡಲ್‌ಗಳಿರುವ ಲೋಹದ ತಗಡು) ಅಡಿಗೆ ಬರುವ ಅರ್ಥ್ ತಂತಿ ಲೋಹಕ್ಕೆ ನೇರವಾಗಿ ತಾಗಬೇಕು. ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಗಿಟಾರ್ ತಂತಿಗೂ ಇನ್ನೊಂದನ್ನು ಜ್ಯಾಕ್‌ನ ಹೊರಭಾಗಕ್ಕೂ ಇಟ್ಟಾಗ ಸದ್ದು ಬಂದರೆ ಸರಿ. ಬರದಿದ್ದರೆ ಆಂಪ್ ಗುಂಯ್‌ಗುಡುತ್ತಲೇ ಇರುತ್ತದೆ. ಹೊಳಪು ಕೊಡಲು ಉಕ್ಕಿನ ನಾರು ಬಳಸುವವರು ಪಿಕಪ್ ಹತ್ತಿರ ತರಬೇಡಿ, ಅದರ ಚೂರುಗಳು ಅಯಸ್ಕಾಂತಕ್ಕೆ ಕಚ್ಚಿಕೊಂಡರೆ ಬಿಡಿಸುವುದು ಕಷ್ಟ.

ಕೊನೆಯ ಹೊಂದಿಕೆ ಹೀಗೆ, ಇದೇ ಅನುಕ್ರಮದಲ್ಲಿ. ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಎರಡನ್ನೂ ಒತ್ತಿದಾಗ ಏಳನೇ ಫ್ರೆಟ್ ಬಳಿ 0.2 ಮಿ.ಮೀ. ಆಸುಪಾಸು ಸಂದು ಇರುವಂತೆ ಟ್ರಸ್ ರಾಡ್. 12ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ 1.5ರಿಂದ 2 ಮಿ.ಮೀ. ಒಳಗೆ. ಆಮೇಲೆ ಪಿಕಪ್ ಎತ್ತರ: ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆದು ದಪ್ಪ ತಂತಿಯ ನಾದ ಅಲೆಯಾಡುತ್ತದೆ. ಎಲ್ಲಕ್ಕಿಂತ ಕೊನೆಗೆ ಇಂಟೊನೇಶನ್, ಅಂದರೆ ಫ್ರೆಟ್ ಒತ್ತಿದಾಗಲೂ ಸ್ವರ ಸರಿ ಬರುವಂತೆ ಹೊಂದಿಸುವುದು. 12ನೇ ಫ್ರೆಟ್‌ನ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಬರೀ ಬೆರಳು ತಾಗಿಸಿ ಮೀಟಿದ ಸ್ವರ) ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಇದನ್ನು ಹೊಸ ತಂತಿ ಹಾಕಿಯೇ ಮಾಡಿ. ಹೊಸ ನೆಕ್ ತಂತಿಯ ಬಿಗಿತಕ್ಕೆ ಒಗ್ಗಿಕೊಳ್ಳಲು ಕೆಲವು ವಾರ ಹಿಡಿಯಬಹುದು, ಹಾಗಾಗಿ ಆ ಅವಧಿಯಲ್ಲಿ ಟ್ರಸ್ ರಾಡ್ ಕೀಲಿಯನ್ನು ಕೈಗೆ ಸಿಗುವ ಕಡೆ ಇಟ್ಟುಕೊಂಡಿರಿ.