ಕಿರಿದಾದ ಮಹಾಪಧಮನಿಯ ಸಿಮ್ಯುಲೇಶನ್‌ಗೆ ರಕ್ತನ ನ್ಯೂಟೋನಿಯನ್ (ಹರಿವು ಹೇಗಿದ್ರೂ ಸ್ನಿಗ್ಧತೆ ಒಂದೇ) ಅಂತ ತಗೊಂಡ್ರೆ ಸಾಕಾ, ಹರಿವಿನ ಜೊತೆ ಸ್ನಿಗ್ಧತೆ ಬದಲಾಗೋ ಕ್ಯಾರೋ ಮಾಡೆಲ್ಲೇ ಹಾಕ್ಬೇಕಾ?

ಎಂಟೆಕ್ ಪ್ರಾಜೆಕ್ಟಲ್ಲಿ ನಾನೂ ಇದೇ ಪ್ರಶ್ನೆ ಹಿಡ್ಕೊಂಡು ಮೂರು ತಿಂಗಳು ಕೂತಿದ್ದೆ. ಕ್ಯಾರೋ ಹಾಕಿ ಓಡ್ಸಿದೆ, ತೆಗೆದು ಓಡ್ಸಿದೆ, ಮೆಶ್ (ಲೆಕ್ಕಕ್ಕೆ ನಾಳನ ತುಂಡು ಮಾಡೋ ಬಲೆ) ಸಣ್ಣ ಮಾಡ್ದೆ, ಊಹೂಂ, ಕಿರಿದಾದ ಜಾಗದ ಪ್ರೆಶರ್ ಡ್ರಾಪ್ 5 ಮಿ.ಮೀ. ಮರ್ಕ್ಯುರಿ ಬಿಟ್ಟು ಮೇಲೇಳ್ಲೇ ಇಲ್ಲ. ನಾನು ಮಾಡೆಲ್ ಮಾಡಿದ್ದು ಒಂದು ಮಗುವಿನ ಅಯೋರ್ಟಾನ (ಮಹಾಪಧಮನಿ), ಆ ಮಗುಗೆ ಕ್ಯಾಥೆಟರ್ ಹಾಕಿ ಅಳೆದಿದ್ದು 24. ಸಾಮಾನ್ಯವಾಗಿ 20 ದಾಟಿದ್ರೆ ಡಾಕ್ಟರ್‌ಗಳು ಸ್ಟೆಂಟೋ ಸರ್ಜರಿನೋ ಅಂತ ಯೋಚನೆ ಮಾಡ್ತಾರೆ, ನನ್ನ ಮಾಡೆಲ್ ಏನೂ ತೊಂದ್ರೆ ಇಲ್ಲ ಅಂತಿತ್ತು.

ತಪ್ಪು ಇದ್ದಿದ್ದು ರಕ್ತ ಮಾಡೆಲ್ ಬಿಟ್ಟು ಹೊರಗೆ ಹೋಗೋ ಬಾಯಿಗಳಲ್ಲಿ, ಅಂದ್ರೆ ಔಟ್‌ಲೆಟ್‌ನಲ್ಲಿ. ನಾಲ್ಕಕ್ಕೂ, ಅಂದ್ರೆ ತಲೆಗೆ ಕೈಗೆ ಹೋಗೋ ಮೂರು ಕವಲು ಮತ್ತೆ ಕೆಳಗಿಳಿಯೋ ಅಯೋರ್ಟಾ, ಎಲ್ಲಕ್ಕೂ ಪ್ರೆಶರ್ ಸೊನ್ನೆ ಅಂತ ಕೊಟ್ಟಿದ್ದೆ. ಬೇಕಾಗಿರೋದು ವ್ಯತ್ಯಾಸ ತಾನೆ, ಸೊನ್ನೆ ಆದ್ರೇನು ನೂರಾದ್ರೇನು ಅನ್ಕೊಂಡಿದ್ದೆ. ಒಂದೇ ಔಟ್‌ಲೆಟ್ ಇದ್ರೆ ಅದು ಸರಿನೇ. ನಾಲ್ಕಿದ್ದಾಗ ಎಲ್ಲೆಲ್ಲಿಗೆ ಎಷ್ಟು ರಕ್ತ ಅನ್ನೋದನ್ನ ನಿಜವಾದ ದೇಹದಲ್ಲಿ ಮುಂದಿರೋ ಸಣ್ಣ ಸಣ್ಣ ರಕ್ತನಾಳಗಳ ತಡೆ ನಿರ್ಧರಿಸುತ್ತೆ, ನಾನು ಆ ತಡೆನೇ ಅಳಿಸಿಹಾಕಿದ್ದೆ. ಕಿರಿದಾದ ಜಾಗ ಇರೋದು ಆ ಮೂರು ಕವಲು ದಾಟಿದ ಮೇಲೆ. ತೋಟದ ಕಾಲುವೆಗೆ ಕಲ್ಲು ಅಡ್ಡ ಇದೆ, ಅದರ ಹಿಂದೆ ಮೂರು ಕಡೆ ಬದು ಒಡೆದಿದೆ ಅಂದ್ರೆ ನೀರು ಕಲ್ಲು ದಾಟೋಕೆ ಯಾಕೆ ಹೋಗುತ್ತೆ? ಎಂಆರ್‌ಐ ಪ್ರಕಾರ ಕೆಳಗಿಳಿಯೋ ಅಯೋರ್ಟಾಗೆ 60% ಹೋಗ್ಬೇಕು, ನನ್ನದ್ರಲ್ಲಿ 26%. ರಿಸಲ್ಟ್ ಚಿತ್ರವಾಗಿ ತೋರ್ಸೋ ಪ್ಯಾರಾವ್ಯೂನಲ್ಲಿ ಕತ್ತಿನ ಕವಲುಗಳು ಕೆಂಪಗೆ (ಅಂದ್ರೆ ಅಲ್ಲಿ ವೇಗ ಜಾಸ್ತಿ) ಉರೀತಿದ್ವು, ಕಿರಿದಾದ ಜಾಗದಲ್ಲಿ ವೇಗ ಬರೀ ಸೆಕೆಂಡಿಗೆ 1.1 ಮೀಟರ್, ದಿನಾ ನೋಡ್ತಿದ್ದೆ, ಹೊಳೀಲಿಲ್ಲ. ಡಾಪ್ಲರ್ (ಅಲ್ಟ್ರಾಸೌಂಡಲ್ಲಿ ರಕ್ತದ ವೇಗ ಅಳೆಯೋದು) ರಿಪೋರ್ಟಲ್ಲಿ 2.5 ಇತ್ತು. ವೇಗದ ವರ್ಗನ ನಾಲ್ಕರಿಂದ ಗುಣಿಸಿದ್ರೆ ಪ್ರೆಶರ್ ಡ್ರಾಪ್‌ನ ಅಂದಾಜು ಬರುತ್ತೆ: ಅಲ್ಲಿ 25, ನನ್ನದ್ರಲ್ಲಿ 5. ಈ ಎರಡು ನಿಮಿಷದ ಲೆಕ್ಕ ಮಾಡ್ದೆ ಇದ್ದಿದ್ದಕ್ಕೆ ಒಂದು ಸೆಮಿಸ್ಟರ್ ಹೋಯ್ತು, ಕಳ್ಸಿದ್ದ ಪೇಪರ್ ವಾಪಸ್ ತಗೋಬೇಕಾಯ್ತು.

ಹಾಗಾಗಿ ನ್ಯೂಟೋನಿಯನ್ನಾ ಕ್ಯಾರೋನಾ ಅನ್ನೋದು ನಿಮ್ಮ ಪ್ರಶ್ನೆನೇ ಅಲ್ಲ ಅಂತೀನಿ. ಇಷ್ಟು ದೊಡ್ಡ ನಾಳದಲ್ಲಿ, ಪ್ರೆಶರ್ ಡ್ರಾಪ್ ನೋಡೋಕೆ, ಸಾಂದ್ರತೆ ಘನ ಮೀಟರ್‌ಗೆ 1060 ಕೆಜಿ, ಸ್ನಿಗ್ಧತೆ 0.004 ಪ್ಯಾಸ್ಕಲ್ ಸೆಕೆಂಡ್ ಹಾಕಿ ಮುಂದೆ ಹೋಗಿ. ಪ್ರತಿ ಔಟ್‌ಲೆಟ್‌ಗೂ ವಿಂಡ್‌ಕೆಸೆಲ್ ಕೊಡಿ, ಮುಂದಿರೋ ನಾಳಗಳ ತಡೆ, ಹಿಗ್ಗುವಿಕೆಗೆ ಬದಲಾಗಿ ಎರಡು ರೆಸಿಸ್ಟೆನ್ಸ್ ಒಂದು ಕೆಪಾಸಿಟೆನ್ಸ್ ಇರೋದು, ಸಿಮ್‌ವ್ಯಾಸ್ಕುಲರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಫ್ರೀಯಾಗೇ ಸಿಗುತ್ತೆ. ಎಂಆರ್‌ಐ ಫ್ಲೋ, ತೋಳಲ್ಲಿ ಅಳೆದ ಬಿಪಿ ಎರಡಕ್ಕೂ ಹೊಂದೋ ತನಕ ತಿದ್ದಿ, ಮೊದಲ ಹೃದಯ ಬಡಿತದ ರಿಸಲ್ಟ್ ನಂಬ್ಬೇಡಿ, ಐದಾರು ಬಡಿತ ಓಡ್ಸಿ ಒಂದೇ ಥರ ಬರ್ತಿದೆಯಾ ನೋಡಿ.

ಈಗ ನಿಮ್ಮ ಔಟ್‌ಲೆಟ್‌ಗಳಲ್ಲಿ ಏನಿದೆ, ಯಾವ ಕವಲಿಗೆ ಎಷ್ಟು ಪರ್ಸೆಂಟ್ ಹೋಗ್ತಿದೆ, ಅದನ್ನ ಬರೀರಿ.