ಪೈಲಟ್ ಆಗುವುದಾದರೆ ಯಾವ ಕಾರಣಕ್ಕೆ ಆಗಬೇಕು?

ಉಡುಪಿಯಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದೀರಿ. ಪೈಲಟ್ ಆಗುವ ಆಸೆ ಇದೆ, ಆದರೆ ಮನೆಯವರು 'ಅದೇ ಯಾಕೆ?' ಎಂದರೆ ಸಂಬಳ, ಊರು ಸುತ್ತುವುದು ಬಿಟ್ಟು ಬೇರೆ ಉತ್ತರ ಹೊಳೆಯುತ್ತಿಲ್ಲ ಎಂದು ಬರೆದಿದ್ದೀರಿ. ಆ ಎರಡೇ ಕಾರಣ ಆದರೆ ಬೇಡ ಎನ್ನುತ್ತೇನೆ. ಸಂಬಳ ಚೆನ್ನಾಗಿದೆ ನಿಜ, ಆದರೆ ಲೈಸೆನ್ಸ್ ಸಿಕ್ಕ ಮರುದಿನವೇ ಯಾರೂ ಕರೆದು ಕೊಡುವುದಿಲ್ಲ. ಊರು ಸುತ್ತುವುದಂತೂ ಕೇಳಬೇಡಿ ಮಾರಾಯ್ರೆ, ಹೆಚ್ಚಿನ ದಿನ ಅರ್ಧ ಗಂಟೆ ನಿಂತು ಅದೇ ವಿಮಾನದಲ್ಲಿ ವಾಪಸ್.

ನನ್ನ ಪ್ರಕಾರ ಗಟ್ಟಿ ಕಾರಣ ಒಂದೇ: ಆ ಕೆಲಸವೇ ಇಷ್ಟವಾಗಬೇಕು. ಕೆಲಸ ಎಂದರೇನು ಎನ್ನುವುದಕ್ಕೆ ನಮ್ಮ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣವನ್ನೇ ನೋಡಿ. ಗುಡ್ಡದ ತಲೆಯನ್ನು ಸಮ ಮಾಡಿ ಹಾಸಿದ ರನ್‌ವೇ, ಉದ್ದ 2,450 ಮೀಟರ್, ಎರಡೂ ತುದಿಯಲ್ಲಿ ಇಳಿಜಾರು. ಜೂನ್-ಜುಲೈಯಲ್ಲಿ ಮೋಡ ಗುಡ್ಡಕ್ಕೇ ತಾಗಿಕೊಂಡಿರುತ್ತದೆ. ಮೋಡದೊಳಗೆ ಇಳಿಯುತ್ತಿದ್ದರೆ ಸಾವಿರ ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ಚಕ್ರ ಹೊರಗಿರಬೇಕು, ರೆಕ್ಕೆಯ ಹಿಂಬದಿಯ ಮಡಚು ಹಲಗೆ, ಅಂದರೆ ಫ್ಲಾಪ್, ಲ್ಯಾಂಡಿಂಗಿಗೆ ಬೇಕಾದಷ್ಟು ತೆರೆದಿರಬೇಕು, ವೇಗ ಲೆಕ್ಕ ಹಾಕಿದ ಮಿತಿಯೊಳಗಿರಬೇಕು, ಇಳಿಯುವ ದರ ನಿಮಿಷಕ್ಕೆ ಸಾವಿರ ಅಡಿ ದಾಟಬಾರದು. ಇದರಲ್ಲಿ ಒಂದು ತಪ್ಪಿದರೂ ಇಳಿಯುವಂತಿಲ್ಲ, ಎಂಜಿನ್‌ಗೆ ಪವರ್ ಕೊಟ್ಟು ಮತ್ತೆ ಮೇಲೇರಬೇಕು. ಇದಕ್ಕೇ ಗೋ-ಅರೌಂಡ್ ಎನ್ನುವುದು.

2010ರ ಮೇ 22ರಂದು ಇಲ್ಲಿ 158 ಜನ ಸತ್ತದ್ದು ಇದು ತಪ್ಪಿದ್ದಕ್ಕೆ. ದುಬೈಯಿಂದ ಬಂದ ಬೋಯಿಂಗ್ 737 ತೀರಾ ಎತ್ತರದಲ್ಲಿತ್ತು. ರನ್‌ವೇಯ ಸುಮಾರು 5,200 ಅಡಿ (1,600 ಮೀಟರಿನಷ್ಟು) ಕಳೆದ ಮೇಲೆ ನೆಲ ಮುಟ್ಟಿತು. ಗೋ-ಅರೌಂಡ್ ಮಾಡಿ ಎಂದು ಫಸ್ಟ್ ಆಫೀಸರ್, ಅಂದರೆ ಸಹ-ಪೈಲಟ್, ಮೂರು ಸಲ ಹೇಳಿದ್ದರು. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಮಾಡಿದ್ದರೆಂದೂ ತನಿಖಾ ವರದಿಯಲ್ಲಿದೆ. ಕಿರಿಯನಾಗಿ ಕೂತವನು ಹಿರಿಯನಿಗೆ 'ಬೇಡ' ಎನ್ನಬೇಕು, ಹಿರಿಯ ಅದನ್ನು ಕೇಳಬೇಕು. ಈ ಶಿಸ್ತು, ಅದೇ ಚೆಕ್‌ಲಿಸ್ಟನ್ನು ಸಾವಿರನೇ ಸಲವೂ ಓದುವ ತಾಳ್ಮೆ, ಇದರಲ್ಲಿ ನಿಮಗೆ ರುಚಿ ಇದ್ದರೆ ಮನೆಯಲ್ಲಿ ಧೈರ್ಯವಾಗಿ ಹೇಳಿ. ಧೈರ್ಯವಂತರಿಗೆ ಹೇಳಿದ ಕೆಲಸ ಎನ್ನುವುದು ಸಿನಿಮಾದ ಮಾತು.

ಇನ್ನೊಂದು ಸಣ್ಣ ಕಾರಣವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ: ಕೆಲಸ ಮನೆಗೆ ಬರುವುದಿಲ್ಲ. ಪಾರ್ಕಿಂಗ್ ಬ್ರೇಕ್ ಹಾಕಿ, ಕಾಗದಪತ್ರ ಮುಗಿಸಿದರೆ ನಾಳೆಗೆ ಉಳಿಯುವ ಫೈಲ್ ಇಲ್ಲ. ವರ್ಷಕ್ಕೆ ಸಾವಿರ ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ಆದರೆ ವಿಟ್ಲಪಿಂಡಿಗೆ ರಜೆ ಸಿಗುತ್ತದೆಂಬ ಭರವಸೆ ಬೇಡ. ಸಿಮ್ಯುಲೇಟರ್ (ನೆಲದ ಮೇಲಿನ ನಕಲಿ ಕಾಕ್‌ಪಿಟ್) ಪರೀಕ್ಷೆ, ಮೆಡಿಕಲ್ ಅಂದರೆ ದೇಹದ ತಪಾಸಣೆ, ಇವೆರಡೂ ನಿವೃತ್ತಿಯವರೆಗೂ ಬಿಡುವುದಿಲ್ಲ. ಮೆಡಿಕಲ್ ಫೇಲಾದ ದಿನ ಹಾರಾಟ ನಿಂತಿತು.

ಹಾಗಾಗಿ ಫೀಸಿಗೆ ಮೊದಲು ಮೆಡಿಕಲ್. ವಿಮಾನಯಾನದ ಸರಕಾರಿ ನಿಯಂತ್ರಕ ಡಿಜಿಸಿಎಯ ಪಟ್ಟಿಯಲ್ಲಿರುವ ವೈದ್ಯರಲ್ಲಿ ಮೊದಲ ಹಂತದ ಕ್ಲಾಸ್ 2 ತಪಾಸಣೆ, ಆಮೇಲೆ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಕ್ಲಾಸ್ 1. ಕನ್ನಡಕ ಇದ್ದರೆ ತೊಂದರೆ ಇಲ್ಲ, ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಕಷ್ಟ. ಇದನ್ನು ಮುಂದೂಡಿ, ಜಾಗ ಅಡವಿಟ್ಟು ಲಕ್ಷಗಟ್ಟಲೆ ಕಟ್ಟಿದ ಮೇಲೆ ಅನ್‌ಫಿಟ್ ಆದರೆ ಹಣ ಹೋದಂತೆಯೇ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇದ್ದರೆ ಸಾಕು. ಕಾಮರ್ಸ್‌ನವರು ಅವೆರಡನ್ನು ಓಪನ್ ಸ್ಕೂಲ್‌ನಲ್ಲಿ ಬರೆಯಬಹುದು.

ಲೈಸೆನ್ಸಿಗೆ ಡಿಜಿಸಿಎ ನಡೆಸುವ ನ್ಯಾವಿಗೇಶನ್, ಮೆಟಿಯರಾಲಜಿ (ಹವಾಮಾನ), ರೆಗ್ಯುಲೇಶನ್ಸ್, ಟೆಕ್ನಿಕಲ್ ಪೇಪರ್‌ಗಳಿಗೆ ತಲಾ ಶೇಕಡಾ 70 ಅಂಕ ಬೇಕು. ಇವನ್ನು ಮುಗಿಸಿಯೇ ಫ್ಲೈಯಿಂಗ್ ಸ್ಕೂಲ್ ಸೇರಿದರೆ ಒಳ್ಳೆಯದು. ಹಾರಾಟದ ನಡುವೆ ಓದಲು ಹೊರಟವರು ಎರಡನ್ನೂ ಎಳೆದಾಡುತ್ತಾರೆ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ನೀವೇ ಪೈಲಟ್-ಇನ್-ಕಮಾಂಡ್, ಅಂದರೆ ವಿಮಾನದ ಪೂರ್ತಿ ಹೊಣೆ ಹೊತ್ತ ಪೈಲಟ್ ಆಗಿ. ಒಟ್ಟು ಖರ್ಚು ಈಗ ಅರ್ಧ ಕೋಟಿಯ ಆಸುಪಾಸು. ಆಮೇಲೆ ಏರ್‌ಬಸ್ ಎ320 ಅಥವಾ ಬೋಯಿಂಗ್ 737ರ ಟೈಪ್ ರೇಟಿಂಗಿಗೆ (ಆ ಮಾದರಿಯನ್ನೇ ಹಾರಿಸುವ ಅರ್ಹತೆಗೆ) ಮತ್ತೆ ಹತ್ತಾರು ಲಕ್ಷ. ಕೆಲಸ ಸಿಗುವವರೆಗಿನ ತಿಂಗಳುಗಳ ಸಾಲದ ಕಂತನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕಂಪನಿಗಳು ಪೈಲಟ್‌ಗಳನ್ನು ತೆಗೆದುಕೊಳ್ಳುವುದು ಅಲೆಅಲೆಯಾಗಿ.

ಸ್ಕೂಲ್ ನೋಡಲು ಹೋದಾಗ ಬ್ರೋಷರ್ ಬದಿಗಿಡಿ. ಎಷ್ಟು ವಿಮಾನ ಇವೆ ಎಂದಲ್ಲ, ಈ ವಾರ ಹಾರುತ್ತಿರುವುದು ಎಷ್ಟು ಎಂದು ಕೇಳಿ. ಒಂದೂವರೆ ವರ್ಷದಲ್ಲಿ ಮುಗಿಯಬೇಕಾದ 200 ಗಂಟೆ ಮೂರು ವರ್ಷಕ್ಕೆ ಹೋಗುವುದು ವಿಮಾನ ರಿಪೇರಿಗೆ ನಿಂತು, ಇನ್‌ಸ್ಟ್ರಕ್ಟರ್ ಸಾಲದೆ, ಮಳೆಗಾಲ ಸೇರಿಕೊಂಡು. ಅಲ್ಲಿ ಓದುತ್ತಿರುವವರನ್ನು ಗೇಟಿನ ಹೊರಗೆ ಚಹಾಕ್ಕೆ ಕರೆದು, ಕಳೆದ ತಿಂಗಳು ಎಷ್ಟು ಗಂಟೆ ಹಾರಿದಿರಿ ಎಂದು ವಿಚಾರಿಸಿ, ಸಾಧ್ಯವಾದರೆ ಲಾಗ್‌ಬುಕ್ಕನ್ನೇ ನೋಡಿ. ಮತ್ತೆ ಫೀಸು ಪೂರ್ತಿ ಒಂದೇ ಸಲ ಕಟ್ಟಬೇಡಿ. ಹಾರಿದ ಗಂಟೆಗೆ ತಕ್ಕಂತೆ ಕಂತು ಮಾಡಿಸಿಕೊಂಡು, ಅದನ್ನು ಬರಹದಲ್ಲಿ ತೆಗೆದುಕೊಳ್ಳಿ.